ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ: ಕಾದಾಡುವ ಪ್ರೋಗ್ರಾಂಗಳ ಕಣದಲ್ಲಿ ಎಐ ಸೋತದ್ದೇಕೆ?

2025ರ ಸೆಪ್ಟೆಂಬರ್‌ನಲ್ಲಿ ಎಐ ಬಗ್ಗೆ ಒಂದು ದೊಡ್ಡ ಸುದ್ದಿ ಬಂತು. ಕಾಲೇಜು ವಿದ್ಯಾರ್ಥಿಗಳ ಹೆಸರಾಂತ ಪ್ರೋಗ್ರಾಮಿಂಗ್ ಸ್ಪರ್ಧೆ ಐಸಿಪಿಸಿಯ ವಿಶ್ವ ಫೈನಲ್ ಆ ವರ್ಷ ಅಜರ್‌ಬೈಜಾನ್‌ನ ಬಾಕು ನಗರದಲ್ಲಿ ನಡೆಯಿತು. ವಿದ್ಯಾರ್ಥಿಗಳಿಗೆ ಕೊಟ್ಟ 12 ಪ್ರಶ್ನೆಗಳನ್ನೇ ಎಐ ಮಾಡೆಲ್‌ಗಳೂ ಬೇರೆಯಾಗಿ ಕೂತು ಬಿಡಿಸಿದವು. ಓಪನ್‌ಎಐ ಮಾಡೆಲ್‌ಗಳು 12ಕ್ಕೆ 12 ಬಿಡಿಸಿದವು. ಗೂಗಲ್‌ನ ಜೆಮಿನಿ 10 ಬಿಡಿಸಿತು. ಮನುಷ್ಯರಲ್ಲಿ ಮೊದಲ ಸ್ಥಾನ ಪಡೆದ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಬಿಡಿಸಿದ್ದು 11.

ನವೆಂಬರ್‌ನಲ್ಲಿ ಇನ್ನೊಂದು ಫಲಿತಾಂಶ ಹೊರಬಿತ್ತು. ಕೋಡ್‌ಕ್ಲ್ಯಾಶ್ ಎಂಬ ಪರೀಕ್ಷೆಯಲ್ಲಿ 8 ಎಐ ಮಾಡೆಲ್‌ಗಳನ್ನು 6 ಬಗೆಯ ಆಟಗಳ ಕಣಕ್ಕೆ ಇಳಿಸಿದ್ದರು. ಅದರಲ್ಲಿ ರೋಬೋಟ್‌ರಂಬಲ್ ಎಂಬ ಆಟವೂ ಒಂದು. ಅಲ್ಲಿ ಮಾಡೆಲ್‌ಗಳ ಪೈಕಿ ಮುಂದಿದ್ದ ಕ್ಲಾಡ್ ಸಾನೆಟ್ 4.5 ಅನ್ನು ಮನುಷ್ಯರೊಬ್ಬರು ಬರೆದ ಗಿಗಾಚ್ಯಾಡ್ ಎಂಬ ಪ್ರೋಗ್ರಾಂ ಎದುರು ನಿಲ್ಲಿಸಿದರು. 37,500 ಆಟ ನಡೆಯಿತು. ಎಐ ಒಂದನ್ನೂ ಗೆಲ್ಲಲಿಲ್ಲ.

2026ರ ಜನವರಿಯಲ್ಲಿ ಮೂರನೆಯದು. ಜಪಾನಿನ ಸಕಾನಾ ಎಐ ಕಂಪನಿಯವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, ಕೋರ್ ವಾರ್ ಎಂಬ ಹಳೇ ಆಟದಲ್ಲಿ ಎಐಯಿಂದಲೇ ಕಾದಾಡುವ ಪ್ರೋಗ್ರಾಂಗಳನ್ನು ಸುತ್ತು ಸುತ್ತಾಗಿ ಬೆಳೆಸಿದರು. ಅವು ಎಂದೂ ನೋಡದ, ಮನುಷ್ಯರು ಬರೆದ ಪ್ರೋಗ್ರಾಂಗಳ ಎದುರೂ ಸುತ್ತಿನಿಂದ ಸುತ್ತಿಗೆ ಗಟ್ಟಿಯಾಗುತ್ತಾ ಹೋದವು.

ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗದೇ ಇರುತ್ತದಾ? ಜಗತ್ತಿನ ಅತಿ ಕಷ್ಟದ ಪರೀಕ್ಷೆಗಳಲ್ಲೊಂದರಲ್ಲಿ ಪೂರ್ತಿ ಅಂಕ ತೆಗೆದ ಎಐ, ಹವ್ಯಾಸಕ್ಕೆ ಬರೆದ ಪ್ರೋಗ್ರಾಂ ಎದುರು ಒಂದು ಆಟವನ್ನೂ ಗೆಲ್ಲದೆ ಸೋತಿದೆ. ಹಾಗೆ ಸೋತದ್ದು ಇನ್ನೊಂದು ಕಣದಲ್ಲಿ ಚೆನ್ನಾಗಿಯೇ ಆಡಿದೆ. ಇದಕ್ಕೆ ಕಾರಣ ಸಿಗಬೇಕಾದರೆ ಮೊದಲು ಈ ಆಟಗಳ ಒಳಗೆ ಹೋಗಬೇಕು. ಇಲ್ಲಿ ತಂತ್ರಗಳು ಹೇಗೆ ಹುಟ್ಟಿದವು, ಒಂದರ ಮೇಲೊಂದು ಹೇಗೆ ಬೆಳೆದವು ಎಂಬುದರಲ್ಲೇ ಉತ್ತರ ಇದೆ.

ಬರೆದು ಬಿಡುವ ಆಟ

ಈ ಆಟಗಳಲ್ಲಿ ಆಟಗಾರ ಆಡುವುದಿಲ್ಲ. ಒಂದು ಪ್ರೋಗ್ರಾಂ ಬರೆದು ಕಣಕ್ಕೆ ಬಿಡುತ್ತಾನೆ. ಆಮೇಲೆ ಕೈ ಹಾಕುವ ಹಾಗಿಲ್ಲ. ಕೋಳಿ ಅಂಕಕ್ಕೆ ಹುಂಜ ಬಿಟ್ಟ ಮೇಲೆ ಯಜಮಾನ ಬದಿಗೆ ನಿಂತು ನೋಡಬೇಕಲ್ಲ, ಹಾಗೆ. ಎದುರಾಳಿ ಏನು ಮಾಡಬಹುದು, ಅದಕ್ಕೆ ತನ್ನ ಪ್ರೋಗ್ರಾಂ ಏನು ಮಾಡಬೇಕು ಎಂಬುದೆಲ್ಲ ಮೊದಲೇ ಕೋಡ್‌ನಲ್ಲಿ ಇರಬೇಕು.

ಈ ಆಟ ಹೊಸದೇನಲ್ಲ. ಸೈಲಸ್ ವಾರ್ನರ್ ಬರೆದ ರೋಬೋಟ್‌ವಾರ್ 1981ರಲ್ಲಿ ಆ್ಯಪಲ್ 2 ಕಂಪ್ಯೂಟರ್‌ಗೆ ಬಂತು. 1984ರಲ್ಲಿ ಕೆನಡಾದ ಎ. ಕೆ. ಡ್ಯೂಡ್ನಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಕೋರ್ ವಾರ್ ಬಗ್ಗೆ ಬರೆದರು. ಅಲ್ಲಿ ಟ್ಯಾಂಕೂ ಇಲ್ಲ, ಗುಂಡೂ ಇಲ್ಲ. ಕಂಪ್ಯೂಟರಿನ ಮೆಮೊರಿಯೇ ಕಣ. ಎರಡು ಪ್ರೋಗ್ರಾಂಗಳು ಒಂದೇ ಮೆಮೊರಿಯಲ್ಲಿ ಕೂತು ಒಂದನ್ನೊಂದು ಕೆಡಿಸಲು ನೋಡುತ್ತವೆ.

ಕೋರ್ ವಾರ್‌ನಲ್ಲಿ ಬೇಗನೇ ಮೂರು ಜಾತಿಗಳು ಕಾಣಿಸಿಕೊಂಡವು. ಒಂದು ಜಾತಿ ಕಣ್ಣುಮುಚ್ಚಿ ಅಲ್ಲಲ್ಲಿ ಬಾಂಬ್ ಹಾಕುತ್ತಾ ಹೋಗುತ್ತದೆ. ಇನ್ನೊಂದು ತನ್ನದೇ ನಕಲುಗಳನ್ನು ಮಾಡುತ್ತಾ ಮೆಮೊರಿ ತುಂಬುತ್ತದೆ. ಮೂರನೆಯದು ಮೊದಲು ಹುಡುಕಿ, ಶತ್ರು ಕಂಡ ಕಡೆ ಹೊಡೆಯುತ್ತದೆ. ಆಡುವವರು ಇವಕ್ಕೆ ಕಲ್ಲು, ಕಾಗದ, ಕತ್ತರಿ ಅಂತಲೇ ಹೆಸರಿಟ್ಟರು. ಬಾಂಬ್ ಬೀಳುವುದಕ್ಕಿಂತ ಬೇಗ ನಕಲುಗಳು ಹುಟ್ಟುವುದರಿಂದ ಕಾಗದಕ್ಕೆ ಕಲ್ಲು ಸೋಲುತ್ತದೆ. ಹುಡುಕುವ ಕತ್ತರಿಗೆ ಎಲ್ಲೆಂದರಲ್ಲಿ ಹರಡಿದ ನಕಲುಗಳು ಸುಲಭವಾಗಿ ಸಿಗುತ್ತವೆ. ಅದೇ ಕತ್ತರಿ, ಕಲ್ಲು ಚೆಲ್ಲಿದ ಬಾಂಬ್‌ಗಳನ್ನೇ ಶತ್ರು ಅಂದುಕೊಂಡು ಅವಕ್ಕೆ ಹೊಡೆಯುತ್ತಾ ಹೊತ್ತು ಕಳೆದುಬಿಡುತ್ತದೆ.

ಹಾಗಾಗಿ ಇಲ್ಲಿ "ಎಲ್ಲಕ್ಕಿಂತ ಒಳ್ಳೆಯ ಪ್ರೋಗ್ರಾಂ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಯಾರ ಎದುರು ಅಂತ ಕೇಳಲೇಬೇಕು. ಐಸಿಪಿಸಿ ಪ್ರಶ್ನೆಗೂ ಈ ಆಟಕ್ಕೂ ಇರುವ ಮೊದಲ ವ್ಯತ್ಯಾಸ ಇದೇ. ಅಲ್ಲಿ ಸರಿ ಉತ್ತರ ಮೊದಲೇ ನಿಗದಿಯಾಗಿದೆ. ಇಲ್ಲಿ ಎದುರಿಗೆ ನಿಂತವನು ಬದಲಾದರೆ ಉತ್ತರವೂ ಬದಲಾಗುತ್ತದೆ.

ರೋಬೋಕೋಡ್‌ನ ಲೆಕ್ಕ

ತಂತ್ರಗಳ ಬೆಳವಣಿಗೆ ಚೆನ್ನಾಗಿ ಕಾಣುವುದು ರೋಬೋಕೋಡ್‌ನಲ್ಲಿ. ಪ್ರೋಗ್ರಾಂ ನಡೆಸುವ ಟ್ಯಾಂಕ್ ರೋಬೊಗಳು ಒಂದಕ್ಕೊಂದು ಗುಂಡು ಹಾರಿಸಿ ಕಾದಾಡುವ ಆಟ ಇದು. ಮ್ಯಾಥ್ಯೂ ನೆಲ್ಸನ್ ಎಂಬುವರು 2000ದ ಕೊನೆಯಲ್ಲಿ ಇದನ್ನು ತಮ್ಮ ಖುಷಿಗೆ ಶುರು ಮಾಡಿದರು. 2001ರ ಜುಲೈನಲ್ಲಿ ಐಬಿಎಂ ಇದನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಆಸಕ್ತಿ ಹುಟ್ಟಲಿ ಅನ್ನುವುದು ಆಗಿನ ಉದ್ದೇಶ. 2005ರಲ್ಲಿ ಇದು ಓಪನ್ ಸೋರ್ಸ್ ಆಯಿತು. ಆಮೇಲೆ ಫ್ಲೆಮಿಂಗ್ ಲಾರ್ಸನ್ ಇದನ್ನು ನೋಡಿಕೊಳ್ಳುತ್ತಾ ಬಂದಿದ್ದಾರೆ.

ನಿಯಮಗಳು ಸರಳ. ಆದರೆ ಪ್ರತಿಯೊಂದು ಸಂಖ್ಯೆಯೂ ಮುಂದೆ ಒಂದಲ್ಲ ಒಂದು ತಂತ್ರಕ್ಕೆ ಬೀಜವಾಯಿತು. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ನೋಡೋಣ.

ಒಬ್ಬರಿಗೊಬ್ಬರು ಆಡುವಾಗ ಕಣ 800 ಅಗಲ, 600 ಎತ್ತರ. ರೋಬೊ ಒಂದು 36ರ ಚೌಕ. ಆಟದ ಕಾಲವನ್ನು ಟಿಕ್‌ಗಳಲ್ಲಿ ಎಣಿಸುತ್ತಾರೆ. ರೋಬೊ ಒಂದು ಟಿಕ್‌ಗೆ ಹೆಚ್ಚೆಂದರೆ 8 ಪಿಕ್ಸೆಲ್ ಚಲಿಸಬಹುದು. ಶುರುವಿನಲ್ಲಿ 100 ಶಕ್ತಿ ಇರುತ್ತದೆ. ಗುಂಡು ಹಾರಿಸುವಾಗ ಆ ಶಕ್ತಿಯಿಂದಲೇ 0.1ರಿಂದ 3ರವರೆಗೆ ಖರ್ಚು ಮಾಡಬೇಕು. ಹೆಚ್ಚು ಹಾಕಿದರೆ ಏಟು ಜಾಸ್ತಿ, ಆದರೆ ಗುಂಡು ನಿಧಾನ. 20ರಿಂದ ಗುಂಡಿನ ಬಲದ, ಅಂದರೆ ಅದಕ್ಕೆ ಖರ್ಚು ಮಾಡಿದ ಶಕ್ತಿಯ, ಮೂರು ಪಟ್ಟನ್ನು ಕಳೆದರೆ ಬರುವುದು ಅದರ ವೇಗ. ಅಂದರೆ 3 ಬಲದ ಗುಂಡು ಟಿಕ್‌ಗೆ 11 ಪಿಕ್ಸೆಲ್ ಮಾತ್ರ ಹೋಗುತ್ತದೆ. ತಗುಲಿದರೆ ಎದುರಾಳಿಗೆ 16 ನಷ್ಟ, ಹೊಡೆದವನಿಗೆ 9 ವಾಪಸ್.

ಇನ್ನೊಂದು ಮುಖ್ಯ ಸಂಗತಿ ರೇಡಾರ್. ಅದು ಎದುರಾಳಿ ಎಷ್ಟು ದೂರ, ಯಾವ ಕಡೆ ಹೊರಟಿದ್ದಾನೆ, ಎಷ್ಟು ವೇಗ, ಎಷ್ಟು ಶಕ್ತಿ ಉಳಿದಿದೆ ಎಂದು ಹೇಳುತ್ತದೆ. ಹಾರಿ ಬರುವ ಗುಂಡನ್ನು ಮಾತ್ರ ತೋರಿಸುವುದಿಲ್ಲ. ಇಪ್ಪತ್ತು ವರ್ಷದ ತಂತ್ರಗಳು ಬೆಳೆದದ್ದು ಬಹುಪಾಲು ಈ ಒಂದು ಕೊರತೆಯ ಸುತ್ತಲೇ.

ನಿಂತ ಕಡೆಗೋ, ಹೋಗುವ ಕಡೆಗೋ

ಮೊದಲ ರೋಬೊಗಳು ಎದುರಾಳಿ ಈಗ ಎಲ್ಲಿದ್ದಾನೋ ಅಲ್ಲಿಗೇ ಹೊಡೆಯುತ್ತಿದ್ದವು. 400 ಪಿಕ್ಸೆಲ್ ದೂರದಿಂದ 2 ಬಲದ ಗುಂಡು ಹೊಡೆದರೆ ಅದು ಮುಟ್ಟಲು ಸುಮಾರು 29 ಟಿಕ್ ಬೇಕು. ಅಷ್ಟರಲ್ಲಿ ಎದುರಾಳಿ 230 ಪಿಕ್ಸೆಲ್ ದಾಟಿ ಹೋಗಿರಬಹುದು. ಗುಂಡು ಖಾಲಿ ಜಾಗಕ್ಕೆ ಬೀಳುತ್ತದೆ.

ಅದಕ್ಕೇ ಎರಡನೇ ಹೆಜ್ಜೆ. ಅವನು ಇದೇ ವೇಗದಲ್ಲಿ ನೇರ ಹೋದರೆ ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕಿ ಅಲ್ಲಿಗೆ ಹೊಡೆಯುವುದು. ಗೋಡೆ ಬದಿಯಲ್ಲೇ ಓಡುವ ರೋಬೊಗಳು ಇದರಿಂದ ಪುಡಿಯಾದವು. ಆಗ ಅವು ಸುತ್ತು ಹಾಕತೊಡಗಿದವು. ಕೂಡಲೇ ಸುತ್ತನ್ನೂ ಲೆಕ್ಕ ಹಾಕುವ ಬಂದೂಕು ಬಂತು. ಆಗ ರೋಬೊಗಳು ಮನಸ್ಸಿಗೆ ಬಂದ ಹಾಗೆ ಹಿಂದೆ ಮುಂದೆ ಓಡಲು ಶುರು ಮಾಡಿದವು. ಈ ಓಟಕ್ಕೆ ಸೂತ್ರವೇ ಇಲ್ಲದ ಮೇಲೆ ಲೆಕ್ಕ ಹಾಕುವುದು ಹೇಗೆ?

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುತ್ತಾರಲ್ಲ, ಆ ಪೈಪೋಟಿ ಇದು. ಮುಂದಿನ ಹೆಜ್ಜೆ ಇಟ್ಟವರು ಸೂತ್ರ ಹುಡುಕುವುದನ್ನೇ ಬಿಟ್ಟರು. ಅವರು ಎಣಿಸಲು ಕೂತರು.

ಅವರ ಯೋಚನೆ ಹೀಗಿತ್ತು. ಎದುರಾಳಿ ಎಷ್ಟೇ ಮನಸ್ಸಿಗೆ ಬಂದ ಹಾಗೆ ಓಡಲಿ, ಗುಂಡು ಮುಟ್ಟುವುದರೊಳಗೆ ಅವನು ತಲುಪಬಹುದಾದ ಜಾಗಕ್ಕೆ ಒಂದು ಮಿತಿ ಇದೆ. 2 ಬಲದ ಗುಂಡಿಗೆ ಆ ಮಿತಿ ಎಡಕ್ಕೆ ಸುಮಾರು 35 ಡಿಗ್ರಿ, ಬಲಕ್ಕೆ ಅಷ್ಟೇ. ಈ ಬೀಸಣಿಗೆಯನ್ನು ಸಣ್ಣ ಸಣ್ಣ ಪಾಲು ಮಾಡಿ. ಹೊಡೆದ ಪ್ರತಿ ಸಲ, ಗುಂಡು ಮುಟ್ಟುವ ಹೊತ್ತಿಗೆ ಅವನು ಯಾವ ಪಾಲಿನಲ್ಲಿದ್ದ ಅಂತ ಗುರುತು ಹಾಕಿ. ಸುಮಾರು ಸಲ ಆದ ಮೇಲೆ ಯಾವ ಪಾಲಿನಲ್ಲಿ ಗುರುತು ಜಾಸ್ತಿ ಇದೆಯೋ ಅಲ್ಲಿಗೆ ಗುರಿ ಇಡಿ. ಇದಕ್ಕೆ ಗೆಸ್‌ಫ್ಯಾಕ್ಟರ್ ಅಂತ ಹೆಸರು.

ಮನಸ್ಸಿಗೆ ಬಂದ ಹಾಗೆ ಓಡುತ್ತೇನೆ ಅಂದುಕೊಂಡ ರೋಬೊಗಳಿಗೂ ಅಭ್ಯಾಸಗಳಿದ್ದವು ಅನ್ನುವುದು ಆಗ ಗೊತ್ತಾಯಿತು. ಬರೆದವರಿಗೇ ಗೊತ್ತಿರದ ಅಭ್ಯಾಸಗಳು. ಎಣಿಕೆ ಅದನ್ನು ಬಯಲು ಮಾಡಿತು.

ಕಾಣದ ಗುಂಡಿನ ಅಲೆ

ಈಗ ತಪ್ಪಿಸಿಕೊಳ್ಳುವವರ ಸರದಿ. ರೋಬೋಕೋಡ್‌ನ ಇಡೀ ಇತಿಹಾಸದಲ್ಲಿ ಇದು ಅತಿ ಚಂದದ ತಿರುವು ಅನ್ನಿಸುತ್ತದೆ. ಸ್ವಲ್ಪ ಹತ್ತಿರದಿಂದ ನೋಡೋಣ.

ಗುಂಡು ಕಾಣುವುದಿಲ್ಲ, ಸರಿ. ಆದರೆ ಎದುರಾಳಿಯ ಶಕ್ತಿ ಕಾಣುತ್ತದೆ. ಹಿಂದಿನ ಟಿಕ್‌ನಲ್ಲಿ ಅವನ ಶಕ್ತಿ 80 ಇತ್ತು. ಈ ಟಿಕ್‌ನಲ್ಲಿ 78. ನನ್ನ ಗುಂಡು ಅವನಿಗೆ ತಗುಲಿಲ್ಲ. ಅವನು ಗೋಡೆಗೂ ಗುದ್ದಿಲ್ಲ. ಹಾಗಾದರೆ 2 ಎಲ್ಲಿ ಹೋಯಿತು? ಅವನು ಈಗಷ್ಟೇ 2 ಬಲದ ಗುಂಡು ಹಾರಿಸಿದ್ದಾನೆ.

ಇಷ್ಟು ಗೊತ್ತಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. 2 ಬಲ ಅಂದರೆ ವೇಗ 14. ಹಾರಿಸಿದ ಜಾಗ ಗೊತ್ತು. ಯಾವ ದಿಕ್ಕಿಗೆ ಅನ್ನುವುದು ಮಾತ್ರ ಗೊತ್ತಿಲ್ಲ. ಆ ಜಾಗವನ್ನು ನಡುವೆ ಇಟ್ಟು ಟಿಕ್‌ಗೆ 14ರಂತೆ ಹಿಗ್ಗುವ ಒಂದು ವೃತ್ತ ಎಳೆದರೆ, ಗುಂಡು ಆ ಗೆರೆಯ ಮೇಲೆ ಎಲ್ಲೋ ಇರಲೇಬೇಕು. ಕೆರೆಗೆ ಕಲ್ಲು ಎಸೆದಾಗ ಉಂಗುರ ಹರಡುವಂತೆ ಅದು ನನ್ನ ಕಡೆ ಬರುತ್ತಿದೆ. ಆಡುವವರು ಇದನ್ನು ಅಲೆ ಅನ್ನುತ್ತಾರೆ.

ಅಲೆ ನನ್ನನ್ನು ದಾಟುವಾಗ ನಾನು ಎಲ್ಲಿರಬೇಕು? ಇಲ್ಲಿ ಹಳೇ ಏಟುಗಳು ನೆರವಿಗೆ ಬರುತ್ತವೆ. ಗುಂಡು ತಗುಲಿದಾಗ ಅದು ಯಾವ ದಿಕ್ಕಿನಿಂದ ಬಂತು ಅನ್ನುವುದನ್ನು ಆಟ ತಿಳಿಸುತ್ತದೆ. ಅಂದರೆ ಅವನು ಬೀಸಣಿಗೆಯ ಯಾವ ಪಾಲಿಗೆ ಗುರಿ ಇಟ್ಟಿದ್ದ ಅಂತ ಗೊತ್ತಾಯಿತು. ಅದನ್ನು ಬರೆದಿಟ್ಟುಕೊಂಡು ಮುಂದಿನ ಅಲೆ ಬಂದಾಗ ಆ ಪಾಲಿನಿಂದ ದೂರ ಸರಿಯುವುದು. ಇದೇ ವೇವ್ ಸರ್ಫಿಂಗ್. ಬಂದೂಕಿನವರು ಎಣಿಕೆಯಿಂದ ಕಲಿತರು. ಅದೇ ಎಣಿಕೆಯನ್ನು ತಲೆಕೆಳಗು ಮಾಡಿ ಓಡುವವರೂ ಕಲಿತರು. ಶ್ಯಾಡೋ ಎಂಬ ರೋಬೊ ಈ ದಾರಿಯಲ್ಲಿ ಮುಂದೆ ನಡೆದವುಗಳಲ್ಲಿ ಒಂದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಹೊಡೆಯುವವನಿಗೆ ಪ್ರತಿ ಗುಂಡಿನಿಂದಲೂ ಪಾಠ ಸಿಗುತ್ತದೆ. ತಗುಲಿದರೂ ತಪ್ಪಿದರೂ ಎದುರಾಳಿ ಆ ಹೊತ್ತಿಗೆ ಎಲ್ಲಿದ್ದ ಅಂತ ಅವನು ನೋಡಬಲ್ಲ. ಓಡುವವನಿಗೆ ಹೆಚ್ಚಾಗಿ ಪಾಠ ಸಿಗುವುದು ಏಟು ತಿಂದಾಗ ಮಾತ್ರ. ತಪ್ಪಿಹೋದ ಗುಂಡು ಯಾವ ಕಡೆ ಹೋಯಿತೋ ಅವನಿಗೆ ಕಾಣದು. ಹೆಚ್ಚು ಗುರುತು ಇರುವವನು ಒಂದು ಕಡೆ, ಕಮ್ಮಿ ಗುರುತು ಇರುವವನು ಇನ್ನೊಂದು ಕಡೆ. ಆಮೇಲೆ ಬಂದ ತಂತ್ರಗಳಲ್ಲಿ ಸುಮಾರಷ್ಟು ಈ ಅಂತರವನ್ನು ತುಂಬಲು ಹುಟ್ಟಿದವು.

ಅಲೆಯ ಮೇಲೆ ಅಲೆ

ಸರ್ಫಿಂಗ್ ಬಂದ ಮೇಲೆ ಬಂದೂಕುಗಳು ಹಳೇ ಗುರುತುಗಳನ್ನು ಬೇಗ ಮರೆಯಲು ಕಲಿತವು. ಸರ್ಫ್ ಮಾಡುವವನು ಏಟು ತಿಂದ ಕೂಡಲೇ ಜಾಗ ಬದಲಿಸುತ್ತಾನೆ. ಹಾಗಿದ್ದ ಮೇಲೆ ಹಿಂದಿನ ಸುತ್ತಿನ ಗುರುತು ಇಟ್ಟುಕೊಂಡು ಏನು ಪ್ರಯೋಜನ?

ಅದಕ್ಕೆ ಓಡುವವರು ಕೊಟ್ಟ ಉತ್ತರ: ಏಟು ಬಿದ್ದ ಜಾಗಗಳ ಜೊತೆಗೆ, ತಾನು ಸುಮ್ನೆ ಹೋಗಿ ಬಂದ ಜಾಗಗಳನ್ನೂ ಎಣಿಸಿ ಅಲ್ಲಿಗೂ ಪದೇ ಪದೇ ಹೋಗದಿರುವುದು. ಕಲಿಯುವ ಬಂದೂಕಿನ ಎದುರು ಇದು ಒಳ್ಳೆಯ ಮದ್ದು. ಆದರೆ ನಿಂತ ಕಡೆಗೇ ಹೊಡೆಯುವ ಸಾದಾ ಬಂದೂಕಿನ ಎದುರು ಇದೇ ತಿರುಗುಬಾಣ. ಅಲ್ಲಿ ಗುಂಡು ಬರುವುದು ಯಾವಾಗಲೂ ಒಂದೇ ಪಾಲಿಗೆ. ಎಲ್ಲ ಕಡೆ ಸಮನಾಗಿ ಹೋಗಲು ನೋಡಿದರೆ ಆ ಪಾಲಿಗೂ ಹೋಗಿ ಏಟು ತಿನ್ನಬೇಕು. ಹಾಗಾಗಿ ಈ ಮದ್ದನ್ನು ಯಾವಾಗ ಶುರು ಮಾಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಎದುರಾಳಿಯ ಗುಂಡುಗಳಲ್ಲಿ ನೂರಕ್ಕೆ ಎಷ್ಟು ತಗುಲುತ್ತಿವೆ ಅಂತ ಆಟದ ನಡುವೆಯೇ ಅಳೆದು ತೀರ್ಮಾನ ಮಾಡಬೇಕು.

ಆಮೇಲೆ ಬೀಸಣಿಗೆಯ ಪಾಲುಗಳ ಬದಲು ನೆನಪುಗಳು ಬಂದವು. ದೂರ, ವೇಗ, ದಿಕ್ಕು ಬದಲಿಸಿ ಎಷ್ಟು ಹೊತ್ತಾಯಿತು, ಗೋಡೆ ಎಷ್ಟು ಹತ್ತಿರ ಇದೆ, ಇದೆಲ್ಲ ಸೇರಿ ಒಂದು ಸಂದರ್ಭ. ಈಗಿನ ಸಂದರ್ಭವನ್ನು ಹೋಲುವ ಹಳೇ ಸಂದರ್ಭಗಳನ್ನು ಹುಡುಕಿ, ಆಗ ಏನಾಗಿತ್ತು ಎಂದು ನೋಡಿ ಗುರಿ ಇಡುವುದು.

ಇನ್ನೊಂದು ಉಪಾಯ ಇನ್ನೂ ನಾಜೂಕಾದದ್ದು. ರೋಬೋಕೋಡ್‌ನಲ್ಲಿ ಎರಡು ಗುಂಡು ಡಿಕ್ಕಿ ಹೊಡೆದರೆ ಎರಡೂ ಮಾಯ. 0.1ರ ಗುಂಡು 3ರ ಗುಂಡನ್ನೂ ಅಳಿಸುತ್ತದೆ. ಅಂದರೆ ನಾನು ಹಾರಿಸಿದ ಗುಂಡು ಅವನ ಅಲೆಯನ್ನು ಸೀಳಿಕೊಂಡು ಹೋದ ಕಡೆ ಅವನ ಗುಂಡು ದಾಟಿ ಬರಲಾರದು. ನನ್ನ ಗುಂಡಿನ ಹಿಂದೆ ಒಂದು ನೆರಳು ಬೀಳುತ್ತದೆ. ಆ ನೆರಳಿನಲ್ಲಿ ಹೋಗಿ ನಿಂತರೆ ಆಯಿತು. ನಿಯಮ ಮೊದಲಿಂದಲೂ ಇತ್ತು. ಅದು ರಕ್ಷಣೆಯೂ ಆಗಬಲ್ಲದು ಎಂದು ಹೊಳೆಯಲು ವರ್ಷಗಳೇ ಬೇಕಾದವು.

ಡ್ರಸ್‌ಜಿಟಿ ಎಂಬ ರೋಬೊ ಇಂಥ ಉಪಾಯಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು. 2021ರಲ್ಲಿ ಬೀಪ್‌ಬೂಪ್ ಅದನ್ನು ಹಿಂದಿಕ್ಕಿತು. ಸಂದರ್ಭದ ಯಾವ ಅಂಶಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಕೈಲೆಕ್ಕ ಬಿಟ್ಟು, ಹಿಂದಿನ ಕಾಳಗಗಳ ದತ್ತಾಂಶದಿಂದ ಮೆಷಿನ್ ಲರ್ನಿಂಗ್ ಮೂಲಕ ನಿಗದಿ ಮಾಡಿದ್ದು ಅದರ ಬಲಗಳಲ್ಲೊಂದು.

ಅಂಕ ಕೊಡುವ ರೀತಿ

ತಂತ್ರಗಳ ದಿಕ್ಕನ್ನು ಎದುರಾಳಿ ಮಾತ್ರ ತೀರ್ಮಾನಿಸುವುದಿಲ್ಲ. ಅಂಕ ಕೊಡುವ ರೀತಿಯೂ ತೀರ್ಮಾನಿಸುತ್ತದೆ. ರೋಬೋಕೋಡ್‌ಗೆ ರೋಬೋರಂಬಲ್ ಎಂಬ ನಿರಂತರ ಲೀಗ್ ಇದೆ (ಮೊದಲು ಹೇಳಿದ ರೋಬೋಟ್‌ರಂಬಲ್ ಬೇರೆ ಆಟ). ಅದರಲ್ಲಿ ಪ್ರತಿ ಜೋಡಿ 35 ಸುತ್ತು ಕಾದಾಡುತ್ತದೆ. ಸ್ವಯಂಸೇವಕರು ತಮ್ಮ ಮನೆಯ ಕಂಪ್ಯೂಟರ್‌ಗಳಲ್ಲೇ ಈ ಕಾಳಗ ನಡೆಸಿ ಫಲಿತಾಂಶ ಕಳಿಸುತ್ತಾರೆ. ಮುಖ್ಯ ಪಟ್ಟಿಯಲ್ಲಿ ಗೆಲುವು ಸೋಲು ಎಣಿಸುವುದಿಲ್ಲ. ಪ್ರತಿ ಎದುರಾಳಿಯ ಎದುರು ಒಟ್ಟು ಅಂಕದಲ್ಲಿ ನೂರಕ್ಕೆ ಎಷ್ಟು ಪಾಲು ಬಂತು ಎಂದು ನೋಡಿ ಸರಾಸರಿ ತೆಗೆಯುತ್ತಾರೆ.

ಇದರ ಪರಿಣಾಮ ಏನು? ದುರ್ಬಲ ರೋಬೊವನ್ನು 80ಕ್ಕೆ ಗೆದ್ದರೆ ಸಾಲದು, 98ಕ್ಕೆ ಗೆಲ್ಲಬೇಕು. ಹಾಗಾಗಿ ಮೇಲಿನ ರೋಬೊಗಳನ್ನು ಬರೆಯುವವರು ಸಮಬಲದ ಎದುರಾಳಿಗಳಿಗಿಂತ ಜಾಸ್ತಿ ಹೊತ್ತನ್ನು ನೂರಾರು ಸಾಮಾನ್ಯ ರೋಬೊಗಳ ಮೇಲೆ ಕಳೆಯುತ್ತಾರೆ. ಕೋಡ್‌ನ ಗಾತ್ರಕ್ಕೆ ಮಿತಿ ಹಾಕಿದ ವಿಭಾಗಗಳೂ ಇವೆ. ನ್ಯಾನೋ ವಿಭಾಗದಲ್ಲಿ 250 ಬೈಟ್‌ಗಿಂತ ಕಮ್ಮಿ ಇರಬೇಕು. ಅಲ್ಲಿನ ತಂತ್ರಗಳೇ ಬೇರೆ. ಹತ್ತು ರೋಬೊಗಳು ಒಟ್ಟಿಗೆ ಕಾದಾಡುವ ಕಣದಲ್ಲಂತೂ ಅಲೆಗಿಂತ ಗುಂಪಿನಿಂದ ದೂರ ಉಳಿಯುವುದೇ ಮುಖ್ಯ.

ಹಾಗಾದರೆ ಎಐ ಎಡವಿದ್ದೆಲ್ಲಿ?

ಈಗ ಕೋಡ್‌ಕ್ಲ್ಯಾಶ್‌ಗೆ ಬರೋಣ. ಅದರ 6 ಕಣಗಳಲ್ಲಿ ರೋಬೋಕೋಡ್ ಮತ್ತು ಕೋರ್ ವಾರ್ ಕೂಡ ಇದ್ದವು. ಒಟ್ಟು 1,680 ಪಂದ್ಯಾವಳಿ, 25,200 ಸುತ್ತು. ಅಂದರೆ ಒಂದು ಪಂದ್ಯಾವಳಿಗೆ 15 ಸುತ್ತು. ಪ್ರತಿ ಸುತ್ತಿನಲ್ಲಿ ಮೊದಲು ಮಾಡೆಲ್ ತನ್ನ ಕೋಡ್ ತಿದ್ದುತ್ತದೆ. ಆಮೇಲೆ ಕಾಳಗ. ಆಮೇಲೆ ಕಾಳಗದ ದಾಖಲೆ ಅದರ ಕೈಗೆ ಬರುತ್ತದೆ. ಮತ್ತೆ ತಿದ್ದಬಹುದು.

ಗೆಸ್‌ಫ್ಯಾಕ್ಟರ್ ಏನು, ವೇವ್ ಸರ್ಫಿಂಗ್ ಏನು ಅಂತ ಕೇಳಿದರೆ ಇಂದಿನ ಎಐ ವಿವರಿಸಬಲ್ಲದು. ರೋಬೋಕೋಡ್ ಆಡುವವರು ತಮ್ಮ ತಂತ್ರಗಳನ್ನು ಬಚ್ಚಿಟ್ಟುಕೊಂಡವರಲ್ಲ. ಎಲ್ಲರಿಗೂ ಸಿಗುವ ಹಾಗೆ ಬರೆದಿಟ್ಟಿದ್ದಾರೆ. ಹಾಗಾಗಿ ಇಂಥ ಆಟಗಳಲ್ಲಿ ತಿಳಿವಳಿಕೆ ಕಮ್ಮಿಯಾಗಿ ಎಐ ಸೋತಿತು ಅನ್ನುವುದು ಕಷ್ಟ.

ಪರೀಕ್ಷೆ ನಡೆಸಿದವರು ಕಂಡದ್ದು ಬೇರೆ. ಮಾಡೆಲ್‌ಗಳು ಸೋತ ಮೇಲೆ ದಾಖಲೆಯನ್ನು ಸರಿಯಾಗಿ ಓದಲಿಲ್ಲ. ಸೋಲಿಗೆ ಕಾರಣ ಇದು ಅಂತ ಆಧಾರ ಇಲ್ಲದೆ ಹೇಳಿದವು. ಮಾಡಿದ ತಿದ್ದುಪಡಿ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ನೋಡದೆ ಕಣಕ್ಕೆ ಇಳಿದವು. ಸುತ್ತುಗಳು ಕಳೆದಂತೆ ಫೈಲ್‌ಗಳು ಗಬ್ಬೆದ್ದು ಹೋದವು. ಒಂದೇ ಕೆಲಸಕ್ಕೆ ನಾಲ್ಕು ಫೈಲ್, ಬಳಸದ ಹಳೇ ಕೋಡ್ ಹಾಗೇ ಬಿದ್ದಿರುವುದು, ಇಂಥವು.

ಇದನ್ನು ರೋಬೋಕೋಡ್‌ನ ಕಥೆಯ ಪಕ್ಕದಲ್ಲಿಟ್ಟು ನೋಡಿ. ಗೆಸ್‌ಫ್ಯಾಕ್ಟರ್ ಹುಟ್ಟಿದ್ದು ಎಲ್ಲಿ ತಪ್ಪಿತು ಅಂತ ಎಣಿಸಿದ್ದರಿಂದ. ಸರ್ಫಿಂಗ್ ಹುಟ್ಟಿದ್ದು ಎಲ್ಲಿ ಏಟು ಬಿತ್ತು ಅಂತ ಎಣಿಸಿದ್ದರಿಂದ. ಮದ್ದನ್ನು ಯಾವಾಗ ಶುರು ಮಾಡಬೇಕು ಎಂಬುದಕ್ಕೂ ಅಳತೆಯೇ ಆಧಾರ. ಪ್ರತಿ ಹೆಜ್ಜೆಯೂ ಒಂದು ಸೋಲಿನ ಲೆಕ್ಕ ತೆಗೆದವರಿಂದ ಬಂತು. ಕೋಡ್ ಬರೆಯುವುದು ಅದರ ಕೊನೆಯ ಭಾಗ. ಎಐ ಆ ಕೊನೆಯ ಭಾಗದಲ್ಲಿ ಗಟ್ಟಿ. ಅದಕ್ಕೆ ಮೊದಲಿನ ಭಾಗದಲ್ಲಿ ಇನ್ನೂ ಹಿಂದೆ.

ಜನವರಿಯ ಸುದ್ದಿ ಇದಕ್ಕೆ ಉಲ್ಟಾ ಅಲ್ವಾ?

ಮೇಲ್ನೋಟಕ್ಕೆ ಹೌದು. ಆದರೆ ಸಕಾನಾ ಎಐಯವರು ಪ್ರಯೋಗವನ್ನು ಕಟ್ಟಿದ ರೀತಿ ಬೇರೆ. ಅಲ್ಲಿ ಎಐ ಒಂದು ಪ್ರೋಗ್ರಾಂನ ಅನೇಕ ಮಾರ್ಪಾಡುಗಳನ್ನು ಹೆರುತ್ತದೆ. ಅವನ್ನೆಲ್ಲ ಕಾಳಗಕ್ಕೆ ಬಿಟ್ಟು, ಅಳೆದು, ಗೆದ್ದದ್ದನ್ನು ಉಳಿಸಿಕೊಳ್ಳುವ ಕೆಲಸ ಸಂಶೋಧಕರು ಬರೆದ ವ್ಯವಸ್ಥೆಯದು. ಹೊಸ ಸುತ್ತಿನ ಪ್ರೋಗ್ರಾಂ ಹಿಂದಿನ ಸುತ್ತುಗಳ ಗೆದ್ದವರ ಎದುರು ನಿಲ್ಲಬೇಕು ಎಂಬ ನಿಯಮವೂ ಇತ್ತು.

ಎರಡರ ನಡುವಿನ ವ್ಯತ್ಯಾಸ ನನಗೆ ಕಾಣುವುದು ಇಲ್ಲೇ. ಒಂದರಲ್ಲಿ ಅಳೆಯುವ ಕೆಲಸವನ್ನೂ ಎಐಗೇ ಬಿಟ್ಟಿದ್ದರು, ಅದು ಅಳೆಯಲಿಲ್ಲ. ಇನ್ನೊಂದರಲ್ಲಿ ಅಳೆಯುವವರು ಹೊರಗಿದ್ದರು, ಬರೆಯುವುದು ಮಾತ್ರ ಎಐ ಪಾಲಿಗಿತ್ತು. ಎರಡೂ ಸುದ್ದಿ ನಿಜ. ಒಂದಕ್ಕೊಂದು ಜಗಳ ಇಲ್ಲ.

ಜನವರಿಯ ಪ್ರಯೋಗದಲ್ಲಿ ಇನ್ನೊಂದು ಕುತೂಹಲದ ಸಂಗತಿಯೂ ಇದೆ. ಬೇರೆ ಬೇರೆಯಾಗಿ ಶುರುವಾದ ಓಟಗಳು ಕೊನೆಗೆ ಒಂದೇ ಬಗೆಯ ನಡವಳಿಕೆಯ ಕಡೆ ಬಂದವು. ಕೋಡ್ ಮಾತ್ರ ಬೇರೆ ಬೇರೆಯೇ ಇತ್ತು. ಈಜುವ ಮೀನಿಗೂ ಡಾಲ್ಫಿನ್‌ಗೂ ಹುಟ್ಟು ಬೇರೆಯಾದರೂ ಮೈಯ ಆಕಾರ ಒಂದೇ ತರಹ ಬಂದಿದೆಯಲ್ಲ, ಅಂಥದ್ದು.

ವಾದಗಳು ಏನೇನಿವೆ

ನವೆಂಬರ್‌ನ ಸೋಲನ್ನು ನೋಡಿ ಒಂದು ಗುಂಪು, ಎಐಗೆ ತಂತ್ರದ ಯೋಚನೆಯೇ ಬರುವುದಿಲ್ಲ, ಅದು ಓದಿದ್ದನ್ನು ಒಪ್ಪಿಸುವ ಯಂತ್ರ ಅನ್ನುತ್ತದೆ. ಈ ವಾದ ತುಸು ಅವಸರದ್ದು. ಜನವರಿಯ ಫಲಿತಾಂಶವನ್ನು ಅದು ವಿವರಿಸಲಾರದು.

ಇನ್ನೊಂದು ಗುಂಪು, 15 ಸುತ್ತು ತೀರಾ ಕಮ್ಮಿ, ಮನುಷ್ಯರಿಗೆ ವರ್ಷಗಳೇ ಸಿಕ್ಕಿದ್ದವು, ಹೋಲಿಕೆಯೇ ತಪ್ಪು ಅನ್ನುತ್ತದೆ. ಇದರಲ್ಲಿ ಹುರುಳಿದೆ. ರೋಬೋಕೋಡ್‌ನ ತಂತ್ರಗಳು ಒಬ್ಬರ ತಲೆಯಿಂದ ಬಂದವಲ್ಲ. ಒಬ್ಬರು ಕಂಡದ್ದರ ಮೇಲೆ ಇನ್ನೊಬ್ಬರು ಕಟ್ಟಿದರು. ಆದರೆ ಹೆಚ್ಚು ಸುತ್ತು ಕೊಟ್ಟರೆ ಸಾಕು ಅನ್ನಬೇಕಾದರೆ, ಸುತ್ತು ಕಳೆದಂತೆ ಮಾಡೆಲ್‌ನ ಕೋಡ್ ಚೊಕ್ಕ ಆಗುತ್ತಾ ಹೋಗಬೇಕಿತ್ತು. ಆದದ್ದು ಅದರ ವಿರುದ್ಧ.

ಮೂರನೇ ವಾದ: ಮಾಡೆಲ್‌ಗೆ ಒಳ್ಳೆಯ ಉಪಕರಣ ಕೊಡಿ, ಅಳೆದು ನೋಡಿದ ಮೇಲೆಯೇ ತಿದ್ದು ಎಂಬ ಶಿಸ್ತನ್ನು ಹೊರಗಿನಿಂದ ಹೇರಿ, ಸರಿಹೋಗುತ್ತದೆ. ಸದ್ಯಕ್ಕೆ ಇದೇ ಹೆಚ್ಚು ನಂಬುವಂತಿದೆ. ಆದರೆ ಏನನ್ನು ಅಳೆಯಬೇಕು ಅಂತ ಯಾರು ಹೇಳುತ್ತಾರೆ? ಶಕ್ತಿ 80ರಿಂದ 78ಕ್ಕೆ ಇಳಿದದ್ದನ್ನು ಗಮನಿಸಬೇಕು ಅಂತ ಯಾವ ಉಪಕರಣವೂ ಮೊದಲೇ ಹೇಳಿರಲಿಲ್ಲ. ಆ ಸಂಖ್ಯೆ ಎಲ್ಲರ ಕಣ್ಣೆದುರಿಗೇ ಇತ್ತು. ಅದರಲ್ಲಿ ಗುಂಡನ್ನು ಕಂಡವರು ಮನುಷ್ಯರು.

ಮುಂದೆ ಏನಾಗಬಹುದು

ಎಐ ಕಂಪನಿಗಳು ಇನ್ನು ಮುಂದೆ ತಮ್ಮ ಮಾಡೆಲ್‌ಗಳ ಬಲ ತೋರಿಸಲು ಇಂಥ ಕಣಗಳನ್ನು ಜಾಸ್ತಿ ಬಳಸುವುದು ಖಂಡಿತ ಅನ್ನಿಸುತ್ತದೆ. ಸರಿ ಉತ್ತರ ಇರುವ ಪರೀಕ್ಷೆಗಳಲ್ಲಿ ಪೂರ್ತಿ ಅಂಕ ಬರತೊಡಗಿದ ಮೇಲೆ ಅವುಗಳಿಂದ ಮಾಡೆಲ್‌ಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಎದುರಾಳಿ ಇರುವ ಆಟದಲ್ಲಿ ಅಂಕಕ್ಕೆ ಮೇಲಿನ ಮಿತಿ ಇಲ್ಲ. ಎಲ್ಲರೂ ಬೆಳೆದರೆ ಕಣವೂ ಬೆಳೆಯುತ್ತದೆ.

ಭದ್ರತೆಯ ಕೆಲಸದಲ್ಲಿರುವವರು ಕೋರ್ ವಾರ್ ಕಡೆ ನೋಡುವುದಕ್ಕೂ ಕಾರಣ ಇದೆ. ದಾಳಿ ಮಾಡುವವರು, ತಡೆಯುವವರು ಇಬ್ಬರ ಕೈಯಲ್ಲೂ ಎಐ ಇದ್ದರೆ ಪೈಪೋಟಿ ಹೇಗೆ ಸಾಗುತ್ತದೆ ಎಂದು ನಿಜವಾದ ಕಂಪ್ಯೂಟರ್ ಜಾಲದಲ್ಲಿ ಪ್ರಯೋಗ ಮಾಡಲಾಗದು. ಕೋರ್ ವಾರ್‌ನ ಪ್ರೋಗ್ರಾಂಗಳು ಅದರದ್ದೇ ಆದ ಕಾಲ್ಪನಿಕ ಯಂತ್ರದ ಒಳಗೆ ಮಾತ್ರ ಓಡುತ್ತವೆ. ಹೊರಗೆ ಬಂದು ಯಾರಿಗೂ ತೊಂದರೆ ಕೊಡಲಾರವು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಕೋಡ್‌ಕ್ಲ್ಯಾಶ್‌ನ ಇನ್ನೊಂದು ಸಾಲು ಹೆಚ್ಚು ಹತ್ತಿರದ್ದು. ಗಬ್ಬೆದ್ದು ಹೋದ ಫೈಲ್‌ಗಳ ಸಾಲು. ಬೇರೆಯವರು ಬರೆದ ಕೋಡ್ ಅನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಇಲ್ಲಿನ ಎಷ್ಟೋ ಜನರ ದಿನದ ಕೆಲಸ. ಹೊಸ ಕೋಡ್ ಬರೆಯುವುದು ಅಗ್ಗವಾದಷ್ಟೂ, ಅದು ಯಾಕೆ ಕೆಟ್ಟಿತು ಎಂದು ಲಾಗ್ ಓದಿ ಹೇಳಬಲ್ಲವರ ಬೇಡಿಕೆ ಕಮ್ಮಿಯಾಗುವ ಸೂಚನೆ ಈ ಪರೀಕ್ಷೆಯಲ್ಲಂತೂ ಇಲ್ಲ.

ಕಲಿಯುವವರ ಮಟ್ಟಿಗೆ ಚಿಂತೆ ಮಾಡಬೇಕಾದ ಸಂಗತಿ ಒಂದಿದೆ. ರೋಬೋಕೋಡ್ ಈಗ ಟ್ಯಾಂಕ್ ರಾಯಲ್ ಎಂಬ ಹೊಸ ರೂಪದಲ್ಲೂ ಇದೆ. ಜಾವಾ ಜೊತೆಗೆ ಪೈಥಾನ್‌ನಲ್ಲೂ ರೋಬೊ ಬರೆಯಬಹುದು. ಎಐಗೆ ಹೇಳಿದರೆ ಸರ್ಫ್ ಮಾಡುವ ರೋಬೊವನ್ನು ಸ್ವಲ್ಪ ಹೊತ್ತಿನಲ್ಲೇ ಬರೆದುಕೊಡುತ್ತದೆ. ವಿದ್ಯಾರ್ಥಿ ಅದನ್ನು ಹಾಗೇ ಕಣಕ್ಕೆ ಬಿಟ್ಟರೆ ಅವನಿಗೆ ಅಲೆ ಕಾಣುವುದೇ ಇಲ್ಲ. ಅದರ ಬದಲು ತಾನೇ ಒಂದು ಸಾದಾ ರೋಬೊ ಬರೆದು, ಎದುರಾಳಿಯ ಶಕ್ತಿಯನ್ನು ಪ್ರತಿ ಟಿಕ್‌ಗೂ ತೆರೆಯ ಮೇಲೆ ಮುದ್ರಿಸಿ ನೋಡಲಿ. ಸಂಖ್ಯೆ ಇಳಿಯುವುದು, ಸ್ವಲ್ಪ ಹೊತ್ತಿನ ನಂತರ ತನಗೆ ಏಟು ಬೀಳುವುದು ಎರಡೂ ಕಾಣುತ್ತದೆ. ನಡುವಿನ ಟಿಕ್‌ಗಳನ್ನು ಎಣಿಸಿ, ದೂರವನ್ನು ಅದರಿಂದ ಭಾಗಿಸಿದರೆ ಗುಂಡಿನ ವೇಗ ಸಿಗುತ್ತದೆ. ಶಕ್ತಿ 2 ಇಳಿದಾಗಲೆಲ್ಲ ಆ ವೇಗ 14ರ ಹತ್ತಿರ ಬರುತ್ತದೆ.